ಗೆದ್ದವನಿಗೂ ಮುಂದಿನ ವರ್ಷ ಕಾರು ಖಾತ್ರಿಯಿಲ್ಲ

2012ರ ನವೆಂಬರ್‌ನಲ್ಲಿ ಮಕಾವ್‌ನ ಗುಯಾ ಸರ್ಕ್ಯೂಟ್‌ನಲ್ಲಿ ಇಂಗ್ಲೆಂಡಿನ ರಾಬ್ ಹಫ್ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್ ಆದರು. ಆ ಹೊತ್ತಿಗೆ ಅವರ ತಂಡ ಆಗಲೇ ಗಂಟುಮೂಟೆ ಕಟ್ಟುತ್ತಿತ್ತು. ಸತತ ಮೂರು ವರ್ಷ ಪ್ರಶಸ್ತಿ ಬಾಚಿದ್ದ ಷೆವ್ರೊಲೆ ಕಂಪನಿ, ಋತು ಮುಗಿದ ಕೂಡಲೇ ಈ ಸರಣಿ ಬಿಡುವುದಾಗಿ ವರ್ಷದ ನಡುವೆಯೇ ಹೇಳಿಬಿಟ್ಟಿತ್ತು. ವಿಶ್ವ ಚಾಂಪಿಯನ್ ಮರುವರ್ಷ ಒಂದು ಖಾಸಗಿ ತಂಡದ ಸಿಯಾಟ್ ಕಾರು ಹತ್ತಿದರು.

ಹಫ್‌ಗೆ ಕಾರಾದರೂ ಸಿಕ್ಕಿತು. ಉತ್ತರ ಐರ್ಲೆಂಡಿನ ಕಾಲಿನ್ ಟರ್ಕಿಂಗ್ಟನ್ 2009ರಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಷಿಪ್, ಅಂದರೆ ಬಿಟಿಸಿಸಿ ಗೆದ್ದರು. ಅಷ್ಟರಲ್ಲಿ ತಂಡದ ಪ್ರಾಯೋಜಕರು ಹಿಂದೆ ಸರಿದರು. 2010ರಲ್ಲಿ ಪ್ರಶಸ್ತಿ ಉಳಿಸಿಕೊಳ್ಳುವುದಕ್ಕೆ ಚಾಂಪಿಯನ್‌ಗೆ ಕಾರೇ ಇರಲಿಲ್ಲ. ಅಲ್ಲಿಲ್ಲಿ ಸಿಕ್ಕ ರೇಸ್ ಓಡಿಸಿ, ಜಪಾನಿನ ಒಕಯಾಮಾದಲ್ಲಿ ವಿಶ್ವ ಸರಣಿಯ ಒಂದು ರೇಸನ್ನೂ ಗೆದ್ದರು. ಹಾಗಿದ್ದೂ ಬಿಟಿಸಿಸಿಗೆ ಮರಳಲು 2013ರವರೆಗೆ ಕಾಯಬೇಕಾಯಿತು. ಆಮೇಲೆ 2014, 2018, 2019ರಲ್ಲಿ ಮತ್ತೆ ಮೂರು ಸಲ ಚಾಂಪಿಯನ್ ಆದರು ಎಂದರೆ ಆ ಮೂರು ವರ್ಷ ಮೂಲೆಗೆ ಬಿದ್ದಿದ್ದ ಪ್ರತಿಭೆ ಎಂಥದ್ದು ಎಂದು ಊಹಿಸಬಹುದು.

ಟೂರಿಂಗ್ ಕಾರ್ ಚಾಲಕರ ಬಗ್ಗೆ ನಮ್ಮಲ್ಲಿ ಒಂದು ಸಸಾರ ಭಾವನೆಯಿದೆ. ಫಾರ್ಮುಲಾ ಒನ್‌ಗೆ ಹೋಗಲಾಗದವರು, ಹೋಗಿ ವಾಪಸು ಬಂದವರು, ವಯಸ್ಸಾದವರು ಸೇರಿಕೊಳ್ಳುವ ಆಟ ಇದು ಎಂಬುದು ಆ ಭಾವನೆ. ಇದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಕಳೆದ ಆರೂವರೆ ದಶಕಗಳ ದಾಖಲೆ ತೆರೆದು ನೋಡಿದರೆ ಚಿತ್ರ ಬೇರೆಯೇ ಕಾಣುತ್ತದೆ. ಇಲ್ಲಿ ವೃತ್ತಿಯನ್ನು ಕಟ್ಟುವುದೂ ಕೆಡವುವುದೂ ವೇಗವೊಂದೇ ಅಲ್ಲ. ಯಾವ ಕಂಪನಿ ಯಾವಾಗ ಬಂತು, ಯಾವಾಗ ಹೋಯಿತು ಎಂಬುದರ ಮೇಲೆ ಬಹುಪಾಲು ನಿಂತಿದೆ. ಕಂಪನಿ ಹೋದ ಮೇಲೂ ಉಳಿದವರು ಯಾರು ಎಂದು ಹುಡುಕಿದರೆ, ಸ್ಟೀರಿಂಗ್ ಬಿಟ್ಟು ಇನ್ನೇನನ್ನಾದರೂ ಕೈಯಲ್ಲಿಟ್ಟುಕೊಂಡವರೇ ಹೆಚ್ಚು ಸಿಗುತ್ತಾರೆ.

ಟೂರಿಂಗ್ ಕಾರೆಂದರೆ ಷೋರೂಮಿನಲ್ಲಿ ಸಿಗುವ ನಾಲ್ಕು ಸೀಟಿನ ಕಾರಿನ ಮೈಕಟ್ಟನ್ನೇ ಉಳಿಸಿಕೊಂಡು, ಒಳಗಿನದ್ದನ್ನೆಲ್ಲ ಕಿತ್ತು, ಉಕ್ಕಿನ ಪಂಜರ ಕೂರಿಸಿ, ಎಂಜಿನ್ನು, ಸಸ್ಪೆನ್ಷನ್ನು, ಬ್ರೇಕು ಮಾರ್ಪಡಿಸಿದ ಕಾರು. ಹೊನಲಿನಂತೆ ಹರಿಯುವ ಫಾರ್ಮುಲಾ ಕಾರಿಗೆ ಹೋಲಿಸಿದರೆ ಇದು ಭಾರ, ಎತ್ತರ, ಮೊಂಡು. ಹೆಚ್ಚಿನವು ಮುಂದಿನ ಚಕ್ರಗಳಿಂದಲೇ ಎಳೆಯುವಂಥವು. ತಿರುಗಿಸುವುದೂ ಎಳೆಯುವುದೂ ಬಹುಪಾಲು ಬ್ರೇಕಿನ ಹೊರೆಯೂ ಅದೇ ಎರಡು ಟೈರಿನ ಮೇಲೆ ಬೀಳುತ್ತದೆ. ಮೊದಲ ಐದು ಸುತ್ತು ವೀರಾವೇಶದಿಂದ ಓಡಿಸಿದವನ ಮುಂದಿನ ಟೈರು ಕಾದು ಹೋಗಿ, ಕೊನೆಯ ಐದು ಸುತ್ತಿನಲ್ಲಿ ಕಾರು ಹೇಳಿದ ಮಾತು ಕೇಳುವುದಿಲ್ಲ. ಫಾರ್ಮುಲಾ ಕಾರುಗಳ ಚಕ್ರ ತಗುಲಿದರೆ ಇಬ್ಬರ ರೇಸೂ ಮುಗಿದಂತೆ. ಇಲ್ಲಿ ಬಾಗಿಲಿಗೆ ಬಾಗಿಲು ಉಜ್ಜುವುದು, ಹಿಂದಿನಿಂದ ಬಂಪರಿಗೆ ಮೆಲ್ಲಗೆ ತಾಗಿಸಿ ಮುಂದಿನವನ ಲಯ ಕೆಡಿಸುವುದು ಆಟದ ಭಾಗವೇ. ಎಷ್ಟು ತಾಗಿಸಿದರೆ ಆಟ, ಎಷ್ಟಾದರೆ ಅಪರಾಧ ಎಂಬ ಅಂದಾಜು ಬರುವುದಕ್ಕೆ ವರ್ಷಗಳೇ ಬೇಕು.

ಈ ಆಟ ಶುರುವಾದದ್ದು ಹವ್ಯಾಸಿಗಳಿಂದ. 1958ರಲ್ಲಿ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಷಿಪ್ ಎಂಬ ಹೆಸರಿನಲ್ಲಿ ಈಗಿನ ಬಿಟಿಸಿಸಿ ಆರಂಭವಾಯಿತು. ಮೊದಲ ವರ್ಷವೇ ಒಂದು ಫಜೀತಿ. ಆಸ್ಟಿನ್ ಓಡಿಸಿದ ಜ್ಯಾಕ್ ಸಿಯರ್ಸ್, ಜಾಗ್ವಾರ್ ಓಡಿಸಿದ ಟಾಮಿ ಸಾಪ್‌ವಿತ್ ಇಬ್ಬರಿಗೂ ಸಮಸಮ ಪಾಯಿಂಟ್. ನಾಣ್ಯ ಚಿಮ್ಮಿ ತೀರ್ಮಾನಿಸೋಣ ಎಂಬ ಸಲಹೆ ಇಬ್ಬರಿಗೂ ಹಿಡಿಸಲಿಲ್ಲ. ಕೊನೆಗೆ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿಗೆ ಒಂದೇ ಬಗೆಯ ಎರಡು ರೈಲಿ 1.5 ಕಾರು ತಂದು ನಿಲ್ಲಿಸಿದರು. ಮಳೆ ಬೇರೆ. ಐದು ಸುತ್ತಿನ ಒಂದು ರೇಸ್. ಆಮೇಲೆ ಕಾರು ಅದಲುಬದಲು ಮಾಡಿಕೊಂಡು ಇನ್ನೊಂದು ಐದು ಸುತ್ತು. ಎರಡರ ಸಮಯ ಕೂಡಿದಾಗ ಸಿಯರ್ಸ್ 1.6 ಸೆಕೆಂಡು ಮುಂದಿದ್ದರು. ಕಾರಿನ ನೆಪ ಹೇಳಲು ಜಾಗವೇ ಇಲ್ಲದಂತೆ ನಡೆದ ಇಷ್ಟು ಅಚ್ಚುಕಟ್ಟಾದ ತೀರ್ಪು ಆ ಮೇಲೆ ಈ ಕ್ರೀಡೆಯಲ್ಲಿ ಬಂದದ್ದು ಕಡಿಮೆ.

ಆ ಕಾಲದ ಇನ್ನೊಂದು ವಿಚಿತ್ರ, ವರ್ಗವಾರು ಪಾಯಿಂಟ್ ಪದ್ಧತಿ. ಸಣ್ಣ ಎಂಜಿನ್ನಿನವರು ತಮ್ಮ ವರ್ಗದಲ್ಲಿ ಗೆದ್ದರೆ ಸಾಕು, ದೊಡ್ಡ ಎಂಜಿನ್ನಿನವರಷ್ಟೇ ಪಾಯಿಂಟ್. ಹಾಗಾಗಿ 1978 ಮತ್ತು 1979ರಲ್ಲಿ ರಿಚರ್ಡ್ ಲಾಂಗ್‌ಮನ್ ಪುಟ್ಟ ಮಿನಿ ಕಾರಿನಲ್ಲೇ ಇಡೀ ಚಾಂಪಿಯನ್‌ಷಿಪ್ ಹೊಡೆದರು. ಪ್ರೇಕ್ಷಕರು ದೊಡ್ಡ ಕಾರುಗಳ ಮುಂಚೂಣಿಯನ್ನು ನೋಡುತ್ತಿದ್ದರೆ ಪ್ರಶಸ್ತಿ ಹಿಂದೆಲ್ಲೋ ತೀರ್ಮಾನವಾಗುತ್ತಿತ್ತು. ಫಾರ್ಮುಲಾ ಒನ್ ದಿಗ್ಗಜ ಜಿಮ್ ಕ್ಲಾರ್ಕ್ ಕೂಡ 1964ರಲ್ಲಿ ಲೋಟಸ್ ಕಾರ್ಟಿನಾ ಓಡಿಸಿ ಈ ಪ್ರಶಸ್ತಿ ಗೆದ್ದಿದ್ದಾರೆ. ಆಗ ಅದನ್ನು ಯಾರೂ ಕೀಳು ಎಂದುಕೊಳ್ಳಲಿಲ್ಲ.

ವೃತ್ತಿಪರತೆಯ ಮೊದಲ ಮಾದರಿ ಎಂದು ನಾನು ಬೊಟ್ಟು ಮಾಡುವುದು ಆಂಡಿ ರೌಸ್ ಅವರತ್ತ. ಅವರು ಚಾಲಕರಾಗುವುದಕ್ಕೆ ಮೊದಲು ಎಂಜಿನಿಯರ್. ಬ್ರಾಡ್‌ಸ್ಪೀಡ್ ಎಂಬ ರೇಸಿಂಗ್ ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡರು, ಆಮೇಲೆ ಕೊವೆಂಟ್ರಿಯಲ್ಲಿ ತಮ್ಮದೇ ಕಾರ್ಖಾನೆ ತೆರೆದರು. 1975ರಲ್ಲಿ ಟ್ರಯಂಫ್, 1983ರಲ್ಲಿ ಆಲ್ಫಾ ರೋಮಿಯೊ, 1984ರಲ್ಲಿ ರೋವರ್, 1985ರಲ್ಲಿ ಫೋರ್ಡ್ ಸಿಯೆರಾ ಹೀಗೆ ನಾಲ್ಕು ಕಂಪನಿಯ ಕಾರಿನಲ್ಲಿ ನಾಲ್ಕು ಪ್ರಶಸ್ತಿ. 1983ರದ್ದು ಟ್ರ್ಯಾಕಿನಲ್ಲಲ್ಲ, ವಿಚಾರಣೆಯ ಮೇಜಿನ ಮೇಲೆ ಸಿಕ್ಕಿದ್ದು. ಎದುರಾಳಿಗಳ ರೋವರ್ ನಿಯಮ ಮೀರಿದೆ ಎಂದು ತೀರ್ಪಾದ ಮೇಲೆ ಪ್ರಶಸ್ತಿ ಅವರ ಪಾಲಾಯಿತು. ರೌಸ್ ಗೆದ್ದದ್ದು 60 ರೇಸ್. ತಾನೇ ಕಟ್ಟಿ, ತಾನೇ ಓಡಿಸಿ, ಅದೇ ಬಗೆಯ ಕಾರನ್ನು ಇತರರಿಗೂ ಮಾರುತ್ತಿದ್ದ ಮನುಷ್ಯನನ್ನು ಯಾವ ಕಂಪನಿ ತಾನೇ ಕೆಲಸದಿಂದ ತೆಗೆಯುತ್ತದೆ?

1990ರ ದಶಕ ಈ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡಿತು. ಎರಡು ಲೀಟರಿನ ಎಂಜಿನ್, ನಿಮಿಷಕ್ಕೆ 8,500 ಸುತ್ತಿನ ಮಿತಿ ಎಂಬ ಸರಳ ನಿಯಮ ಬ್ರಿಟನ್‌ನಲ್ಲಿ ಹುಟ್ಟಿ, ಸೂಪರ್ ಟೂರಿಂಗ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹರಡಿತು. ಮಧ್ಯಮ ವರ್ಗದವರು ಕೊಳ್ಳುವ ಕಾರುಗಳೇ ಟಿವಿಯಲ್ಲಿ ಗುದ್ದಾಡುವುದನ್ನು ನೋಡಿ ಕಂಪನಿಗಳು ಮುಗಿಬಿದ್ದವು. ವೋಲ್ವೊ 1994ರಲ್ಲಿ ಉದ್ದನೆಯ ಬಾಲದ 850 ಎಸ್ಟೇಟ್ ಕಾರನ್ನೇ ಟ್ರ್ಯಾಕಿಗಿಳಿಸಿತು, ಸಾಮಾನು ಸಾಗಿಸುವ ಆ ಸಂಸಾರದ ಕಾರನ್ನು! ಗೆಲ್ಲಲಿಲ್ಲ, ಆದರೆ ಗೆದ್ದ ಕಾರಿಗಿಂತ ಹೆಚ್ಚು ಜನಕ್ಕೆ ಇಂದಿಗೂ ನೆನಪಿದೆ. ಅದೇ ವರ್ಷ ಆಲ್ಫಾ ರೋಮಿಯೊ ತಂಡ ರೆಕ್ಕೆ, ಮುಂಗಲ್ಲದ ಪಟ್ಟಿಯ ವಿವಾದ ಹೊತ್ತುಕೊಂಡೇ ಬಂತು. ಔಲ್ಟನ್ ಪಾರ್ಕ್‌ನಲ್ಲಿ ಮುನಿಸಿಕೊಂಡು ರೇಸನ್ನೇ ಬಿಟ್ಟು ಹೊರಟಿತು, ಮತ್ತೆ ಬಂದು ಚಾಂಪಿಯನ್‌ಷಿಪ್ ಗೆದ್ದಿತು. ಆ ಕಾರಿನ ಚಾಲಕ ಇಟಲಿಯ ಗೇಬ್ರಿಯೇಲೆ ತಾರ್ಕ್ವಿನಿ. ಮುಂದಿನ ವರ್ಷ ಎಲ್ಲರ ಕಾರಿಗೂ ರೆಕ್ಕೆ ಮೂಡಿದವು, ಎಲ್ಲರ ಖರ್ಚೂ ಏರಿತು.

ಈ ದಶಕದಲ್ಲೇ ಚಾಲಕರಿಗೆ ನಿಜವಾದ ಸಂಬಳ ಬಂದದ್ದು. ಸ್ವಿಟ್ಜರ್ಲೆಂಡಿನ ಅಲಾ ಮೆನು, ಸ್ವೀಡನ್‌ನ ರಿಕಾರ್ಡ್ ರಿಡೆಲ್, ಜರ್ಮನಿಯ ಫ್ರ್ಯಾಂಕ್ ಬೀಲಾ, ಫ್ರಾನ್ಸಿನ ಲೊರಾಂ ಅಯೆಲ್ಲೊ ಎಲ್ಲರೂ ಬ್ರಿಟನ್ನಿಗೆ ಬಂದು ಚಾಂಪಿಯನ್ನರಾದರು. ರೆನೋ ಕಾರುಗಳನ್ನು ಸಿದ್ಧಪಡಿಸುತ್ತಿದ್ದದ್ದು ಫಾರ್ಮುಲಾ ಒನ್‌ನ ವಿಲಿಯಮ್ಸ್ ತಂಡ. ಅಲ್ಲಿ ಸೀಟು ಗಿಟ್ಟಿಸಲು ಜೇಸನ್ ಪ್ಲೇಟೊ ಎಂಬ ಯುವಕ ಕಾರ್ಖಾನೆಯ ಬಾಗಿಲಲ್ಲಿ ಫ್ರ್ಯಾಂಕ್ ವಿಲಿಯಮ್ಸ್‌ಗಾಗಿ ಕಾದು ಕೂತದ್ದು ಈ ವಲಯದಲ್ಲಿ ಹೆಸರಾದ ಕಥೆ. ಹಾಗೆ ಗಂಟುಬಿದ್ದು ಪರೀಕ್ಷೆಗೆ ಅವಕಾಶ ಪಡೆದು, 1997ರಲ್ಲಿ ಮೆನು ಪಕ್ಕದ ಕಾರು ಹತ್ತಿದ ಪ್ಲೇಟೊ 2022ರಲ್ಲಿ ನಿವೃತ್ತರಾದಾಗ ಎರಡು ಪ್ರಶಸ್ತಿ, 97 ಗೆಲುವು ಅವರ ಖಾತೆಯಲ್ಲಿದ್ದವು. ನಾಚಿಕೆ ಬಿಟ್ಟು ಕೇಳುವುದೂ ಈ ವೃತ್ತಿಯಲ್ಲಿ ಒಂದು ವಿದ್ಯೆ.

ಗೆದ್ದೆತ್ತಿನ ಬಾಲ ಹಿಡಿಯುವ ಕಂಪನಿಗಳು ಖರ್ಚು ಕೈಮೀರಿದ ಕೂಡಲೇ ಒಂದೊಂದಾಗಿ ಜಾರಿಕೊಂಡವು. 2000ದಲ್ಲಿ ಬಿಟಿಸಿಸಿಯಲ್ಲಿ ಫೋರ್ಡ್, ಹೊಂಡಾ, ವಾಕ್ಸ್‌ಹಾಲ್ ಮೂರೇ ಉಳಿದಿದ್ದವು. ಜರ್ಮನಿಯ ಡಿಟಿಎಂ ಸರಣಿಯಂತೂ 1996ರಲ್ಲೇ ಖರ್ಚಿನ ಹೊರೆಗೆ ಕುಸಿದು, 2000ದಲ್ಲಿ ಮರುಹುಟ್ಟು ಪಡೆಯಿತು. ವಿಶ್ವ ಮಟ್ಟದಲ್ಲೂ ಇದೇ ಕಥೆ: ಷೆವ್ರೊಲೆ 2012ರ ಕೊನೆಗೆ, ಸಿತ್ರೊಯೆನ್ 2016ರ ಕೊನೆಗೆ, ಲಾಡಾ ಅದೇ ಹೊತ್ತಿಗೆ. 2005ರಲ್ಲಿ ಶುರುವಾದ ವಿಶ್ವ ಚಾಂಪಿಯನ್‌ಷಿಪ್ 2017ಕ್ಕೆ ಮುಗಿಯಿತು. ಅದರ ಜಾಗಕ್ಕೆ ಬಂದ ವಿಶ್ವ ಕಪ್‌ನ ಟಿಸಿಆರ್ ನಿಯಮದಲ್ಲಿ ಕಂಪನಿ ಕಾರು ತಯಾರಿಸಿ ಮಾರುತ್ತದೆ, ಓಡಿಸುವುದು ಖಾಸಗಿ ತಂಡಗಳು. ಖರ್ಚು ಇಳಿಯಿತು; ಚಾಲಕರ ಸಂಬಳವೂ ಇಳಿಯಿತು. ಈಗ ಬಹಳ ಮಂದಿ ಸೀಟಿಗೆ ತಾವೇ ಪ್ರಾಯೋಜಕರನ್ನು ತರಬೇಕು. 2013ರ ಬಿಟಿಸಿಸಿ ಚಾಂಪಿಯನ್ ಆಂಡ್ರ್ಯೂ ಜೋರ್ಡನ್ ಹಣ ಹೊಂದಿಸಲಾಗದೆ 2020ರ ಆರಂಭದಲ್ಲಿ ಸರಣಿ ಬಿಟ್ಟು, ಹಳೆಯ ರೇಸ್ ಕಾರುಗಳನ್ನು ಸಜ್ಜುಗೊಳಿಸುವ ಮನೆಯ ವ್ಯವಹಾರಕ್ಕೆ ಮರಳಿದರು.

ಮನೆಯ ವ್ಯವಹಾರ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಈ ಕ್ರೀಡೆಯಲ್ಲಿ ಬಾಳಿದವರ ಹಿಂದೆ ಅದೇ ಇದೆ. 1989 ಮತ್ತು 1995ರ ಚಾಂಪಿಯನ್ ಜಾನ್ ಕ್ಲೆಲ್ಯಾಂಡ್ ಸ್ಕಾಟ್ಲೆಂಡಿನ ಕಾರು ವ್ಯಾಪಾರಿ. ಮ್ಯಾಟ್ ನೀಲ್ ಅವರ ಮನೆತನಕ್ಕೆ ಕಾರಿನ ಚಕ್ರ ತಯಾರಿಸುವ ಉದ್ಯಮವಿತ್ತು, ಸ್ವಂತ ತಂಡವೂ ಇತ್ತು. ಕಂಪನಿಗಳ ಕಾರುಗಳ ಎದುರು ಖಾಸಗಿಯವರು ಗೆಲ್ಲುವುದೇ ಇಲ್ಲ ಎಂಬಂತಿದ್ದ ಕಾಲದಲ್ಲಿ, ಯಾವ ಖಾಸಗಿ ಚಾಲಕ ಮೊದಲು ಗೆಲ್ಲುತ್ತಾನೋ ಅವನಿಗೆ ಎರಡೂವರೆ ಲಕ್ಷ ಪೌಂಡ್ ಎಂದು ಆಯೋಜಕರು ಘೋಷಿಸಿದ್ದರು. 1999ರಲ್ಲಿ ಡಾನಿಂಗ್ಟನ್‌ನಲ್ಲಿ ನೀಲ್ ಒಂದು ನಿಸಾನ್ ಪ್ರೈಮೆರಾದಲ್ಲಿ ಗೆದ್ದು ಆ ಚೆಕ್ ಎತ್ತಿಕೊಂಡರು. ಮುಂದೆ ಮೂರು ಸಲ ಚಾಂಪಿಯನ್ ಆದರು. ನಿಸಾನ್ ಕಂಪನಿ ಅಷ್ಟರಲ್ಲಿ ಬಿಟಿಸಿಸಿ ಬಿಟ್ಟು ಹೋಗಿತ್ತು.

ಇನ್ನು ಫಾರ್ಮುಲಾ ಒನ್ ಪ್ರಶ್ನೆ. ಅಲ್ಲಿ ಸೋತವರು ಇಲ್ಲಿ ಗೆಲ್ಲುತ್ತಾರೆ ಎಂಬುದು ದಿಟ. ಜರ್ಮನಿಯ ಬೆರ್ಂಡ್ ಷ್ನೈಡರ್ 1989ರ ಇಡೀ ಋತುವಿನಲ್ಲಿ ಜಾಕ್‌ಸ್ಪೀಡ್ ಕಾರಿನಲ್ಲಿ ಎರಡೇ ರೇಸಿಗೆ ಅರ್ಹತೆ ಪಡೆದರು. ಡಿಟಿಎಂನಲ್ಲಿ ಐದು ಪ್ರಶಸ್ತಿ ಗೆದ್ದರು. ಹಾಗಾದರೆ ಅಲ್ಲಿ ಗೆದ್ದವರು ಇಲ್ಲಿ ಇನ್ನೂ ಸುಲಭವಾಗಿ ಗೆಲ್ಲಬೇಕಲ್ಲ? ಗೆಲ್ಲಲಿಲ್ಲ. ಎರಡು ಸಲದ ವಿಶ್ವ ಚಾಂಪಿಯನ್ ಮಿಕಾ ಹಕಿನೆನ್ ಡಿಟಿಎಂನ ಮೂರು ಋತುಗಳಲ್ಲಿ ಗೆದ್ದದ್ದು ಮೂರು ರೇಸ್. ಡೇವಿಡ್ ಕೂಲ್ಟ್‌ಹಾರ್ಡ್, ರಾಲ್ಫ್ ಷುಮಾಕರ್ ಒಂದೂ ಗೆಲ್ಲಲಿಲ್ಲ. ನೈಜೆಲ್ ಮ್ಯಾನ್ಸೆಲ್ 1993ರಲ್ಲಿ ಅಮೆರಿಕದ ಇಂಡಿಕಾರ್ ಗೆದ್ದು ಬಂದವರೇ ಡಾನಿಂಗ್ಟನ್‌ನಲ್ಲಿ ಫೋರ್ಡ್ ಮೊಂಡಿಯೊ ಹತ್ತಿದರು, ಗೋಡೆಗೆ ಗುದ್ದಿ ಪ್ರಜ್ಞೆ ತಪ್ಪಿದರು. ಇದು ಬೇರೆಯೇ ವಿದ್ಯೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ. ಇಲ್ಲಿಂದ ಆಚೆಗೂ ದಾರಿ ತೆರೆದಿದೆ: ಪಾಲ್ ಡಿ ರೆಸ್ಟಾ 2010ರಲ್ಲಿ, ಪಾಸ್ಕಲ್ ವೆರ್ಲೈನ್ 2015ರಲ್ಲಿ ಡಿಟಿಎಂ ಗೆದ್ದು ಮರುವರ್ಷವೇ ಫಾರ್ಮುಲಾ ಒನ್‌ಗೆ ಹೋದರು. ಅರ್ಜೆಂಟೀನಾದ ಹೊಸೆ ಮರಿಯಾ ಲೋಪೆಸ್ ಕಥೆ ಇನ್ನೂ ಸೊಗಸು. 2010ರಲ್ಲಿ ಸೇರಬೇಕಿದ್ದ ಫಾರ್ಮುಲಾ ಒನ್ ತಂಡ ಹುಟ್ಟುವ ಮೊದಲೇ ಸತ್ತುಹೋಯಿತು. ಊರಿಗೆ ಮರಳಿ ಅಲ್ಲಿನ ಟೂರಿಂಗ್ ಕಾರು ಓಡಿಸಿದರು. 2013ರಲ್ಲಿ ವಿಶ್ವ ಸರಣಿ ತಮ್ಮ ದೇಶಕ್ಕೆ ಬಂದಾಗ ಅತಿಥಿಯಾಗಿ ಬಂದು ಒಂದು ರೇಸ್ ಗೆದ್ದರು. ಸಿತ್ರೊಯೆನ್ ಕರೆಯಿತು. 2014, 15, 16, ಮೂರೂ ವರ್ಷ ವಿಶ್ವ ಚಾಂಪಿಯನ್.

ಆದರೂ ಈ ವೃತ್ತಿಯ ಪೂರ್ಣ ಚಿತ್ರ ಬೇಕೆಂದರೆ ತಾರ್ಕ್ವಿನಿಯವರನ್ನೇ ನೋಡಬೇಕು. ಫಾರ್ಮುಲಾ ಒನ್‌ನಲ್ಲಿ 38 ರೇಸ್ ಓಡಿಸಿ ಸಿಕ್ಕಿದ್ದು ಒಂದೇ ಒಂದು ಪಾಯಿಂಟ್. ರೇಸಿಗೆ ಅರ್ಹತೆಯೇ ಸಿಗದೆ ಹೆಲ್ಮೆಟ್ ಕಳಚಿದ್ದು 40 ಸಲ. ಅದೊಂದು ಬೇಡದ ದಾಖಲೆ. ಟೂರಿಂಗ್ ಕಾರಿಗೆ ಬಂದು 1994ರಲ್ಲಿ ಬ್ರಿಟಿಷ್, 2003ರಲ್ಲಿ ಯುರೋಪಿಯನ್ ಚಾಂಪಿಯನ್. 2009ರಲ್ಲಿ, 47ನೇ ವಯಸ್ಸಿನಲ್ಲಿ, ಡೀಸೆಲ್ ಎಂಜಿನ್ನಿನ ಸಿಯಾಟ್‌ನಲ್ಲಿ ವಿಶ್ವ ಚಾಂಪಿಯನ್. ಸಿಯಾಟ್ ಹೋಯಿತು, ಹೊಂಡಾ ಬಂತು. ಹೊಂಡಾ ಬಿಟ್ಟು ಲಾಡಾ, ಲಾಡಾವೂ ಹೋಯಿತು. ಐವತ್ತೈದರ ಆ ಹೊತ್ತಿಗೆ ಯಾರಾದರೂ ಸಾಕೆನ್ನುತ್ತಿದ್ದರು. ಹ್ಯುಂಡೈ ಹೊಸ ಐ30 ಎನ್ ಟಿಸಿಆರ್ ಕಾರು ಕಟ್ಟುತ್ತಿತ್ತು. ಅದನ್ನು ತಿಂಗಳುಗಟ್ಟಲೆ ಓಡಿಸಿ, ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಎಂಜಿನಿಯರುಗಳಿಗೆ ಹೇಳಿ ತಿದ್ದಿಸಲು ಕರೆದದ್ದು ತಾರ್ಕ್ವಿನಿಯವರನ್ನು. ತಾನೇ ಪಳಗಿಸಿದ ಆ ಕಾರಿನಲ್ಲಿ 2018ರ ವಿಶ್ವ ಕಪ್‌ಗಿಳಿದು, ಮಕಾವ್‌ನ ಕೊನೆಯ ರೇಸಿನವರೆಗೂ ಸೆಣಸಿ, ಫ್ರಾನ್ಸಿನ ಯ್ವಾನ್ ಮುಲ್ಲರ್‌ಗಿಂತ ಮೂರೇ ಪಾಯಿಂಟ್ ಮುಂದೆ ನಿಂತರು. ಆಗ ವಯಸ್ಸು 56.

ಇಷ್ಟು ದೀರ್ಘ ಬಾಳಿಕೆಗೆ ಕಾರಣಗಳಿವೆ. ಫಾರ್ಮುಲಾ ಕಾರಿನಲ್ಲಿ ಕುತ್ತಿಗೆ ಮುರಿಯುವಂತೆ ಎಳೆಯುವ ಬಲ ಇಲ್ಲಿ ಅಷ್ಟಿಲ್ಲ. ರೇಸು ಚಿಕ್ಕದು, ಆದರೆ ಒಂದೇ ವಾರಾಂತ್ಯದಲ್ಲಿ ಎರಡೋ ಮೂರೋ. ಕೆಲವು ಸರಣಿಗಳಲ್ಲಿ ಮೊದಲು ಬಂದವರನ್ನು ಮುಂದಿನ ರೇಸಿಗೆ ಹಿಂದಿನ ಸಾಲಿಗೆ ತಳ್ಳುತ್ತಾರೆ. ಗೆದ್ದವನ ಕಾರಿಗೆ ತೂಕ ಹೇರುವ ಪದ್ಧತಿಯೂ ಇದೆ. ಬ್ರಿಟನ್ನಿನಲ್ಲಿ ಅದು 75 ಕಿಲೋವರೆಗೂ ಹೋದದ್ದುಂಟು. ಅಂದರೆ ಪಕ್ಕದ ಸೀಟಿನಲ್ಲಿ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು ರೇಸ್ ಮಾಡಿದ ಹಾಗೆ. ಇಂಥ ಕಡೆ ಒಂದು ಸುತ್ತಿನ ಮಿಂಚಿಗಿಂತ ವರ್ಷವಿಡೀ ಪಾಯಿಂಟ್ ಕೂಡಿಹಾಕುವ ಲೆಕ್ಕಾಚಾರ ಮೇಲು. ಆರನೆಯ ಸ್ಥಾನಕ್ಕೆ ತೃಪ್ತಿಪಡುವುದು ಯಾವಾಗ ಎಂಬ ಬುದ್ಧಿ ಇಪ್ಪತ್ತರಲ್ಲಿ ಬರುವುದಿಲ್ಲ.

ಅಲೆಕ್ಸ್ ಜನಾರ್ಡಿ ಅವರ ಕಾರಿನೊಳಗನ್ನು ಇಣುಕಿದರೆ ಈ ಕ್ರೀಡೆಯ ಇನ್ನೊಂದು ಗುಣ ಕಾಣುತ್ತದೆ. 2001ರಲ್ಲಿ ಜರ್ಮನಿಯ ಲೌಸಿಟ್ಸ್‌ರಿಂಗ್‌ನಲ್ಲಿ ನಡೆದ ಅಪಘಾತದಲ್ಲಿ ಅವರ ಎರಡೂ ಕಾಲು ಹೋದವು. ಬಿಎಂಡಬ್ಲ್ಯು ಅವರಿಗಾಗಿ ಕಾರನ್ನು ತಿದ್ದಿತು. ಸ್ಟೀರಿಂಗ್ ಹಿಂದೆ ಒಂದು ಬಳೆ, ಅದನ್ನು ಬೆರಳಲ್ಲಿ ಒತ್ತಿದರೆ ಆಕ್ಸಿಲರೇಟರ್. ಬ್ರೇಕಿಗೆ ಮಾತ್ರ ಪೆಡಲ್ಲೇ; ಕೃತಕ ಕಾಲನ್ನು ಸೊಂಟದ ಬಲದಿಂದ ತಳ್ಳಿ ಒತ್ತಬೇಕು. ಪಾದದ ಸ್ಪರ್ಶವಿಲ್ಲದೆ ಬ್ರೇಕಿನ ಅಂದಾಜು! ಹೀಗೆ ಓಡಿಸಿ 2005ರಲ್ಲಿ ಓಷರ್ಸ್‌ಲೆಬೆನ್‌ನಲ್ಲಿ ವಿಶ್ವ ಸರಣಿಯ ರೇಸ್ ಗೆದ್ದರು, ಆಮೇಲೆ ಇನ್ನೂ ಮೂರು. ಛಾವಣಿಯೂ ವಿಶಾಲ ಜಾಗವೂ ಇರುವ ಕಾರಿನಿಂದಲೇ ಸಾಧ್ಯವಾದ ಮರಳುವಿಕೆ ಇದು.

ಛಾವಣಿ ಇದ್ದ ಮಾತ್ರಕ್ಕೆ ಸುರಕ್ಷಿತ ಎನ್ನುವಂತಿಲ್ಲ. 1995ರಲ್ಲಿ ಬರ್ಲಿನ್‌ನ ಆವುಸ್ ಟ್ರ್ಯಾಕಿನಲ್ಲಿ ಕೀತ್ ಓಡೋರ್ ಅವರ ಕಾರಿನ ಬಾಗಿಲಿಗೆ ಇನ್ನೊಂದು ಕಾರು ಅಪ್ಪಳಿಸಿ ಅವರು ಸತ್ತರು. ಪಕ್ಕದ ಹೊಡೆತ ಈ ಕಾರುಗಳ ಮರ್ಮಸ್ಥಾನ. ಕೊರತೆ ಸುರಕ್ಷತೆಯೊಂದರಲ್ಲೇ ಅಲ್ಲ. ಮಹಿಳೆಯರ ಮಟ್ಟಿಗೆ ದಾಖಲೆ ಇನ್ನೂ ಬಡವಾಗಿದೆ: ಡಿಟಿಎಂನಲ್ಲಿ ರೇಸ್ ಗೆದ್ದ ಮಹಿಳೆ ಎಂದರೆ 1992ರಲ್ಲಿ ಹಾಕನ್‌ಹೈಮ್‌ನಲ್ಲಿ ಗೆದ್ದ ಎಲೆನ್ ಲೋರ್ ಒಬ್ಬರೇ.

ಒಳಬರುವ ದಾರಿಗಳು ಮಾತ್ರ ಹಲವು. ನಾಲ್ಕು ಬಾರಿಯ ವಿಶ್ವ ಚಾಂಪಿಯನ್ ಮುಲ್ಲರ್ ಫ್ರಾನ್ಸಿನ ಹಿಮದ ಟ್ರ್ಯಾಕುಗಳಲ್ಲಿ ಪಳಗಿದವರು. ಅವರ ಅಕ್ಕ ಕ್ಯಾಥಿ ಕೂಡ ರೇಸ್ ಚಾಲಕಿ. ಆಕೆಯ ಮಗ ಯಾನ್ ಎಹ್ರ್ಲಾಷೆ 2020 ಮತ್ತು 2021ರಲ್ಲಿ ವಿಶ್ವ ಕಪ್ ಗೆದ್ದಾಗ ಸೋದರಮಾವ ಅದೇ ಟ್ರ್ಯಾಕಿನಲ್ಲಿ ಕಾರು ಓಡಿಸುತ್ತಿದ್ದರು. ಹಂಗೆರಿಯ ನಾರ್ಬರ್ಟ್ ಮಿಕೆಲಿಸ್ ಶುರುಮಾಡಿದ್ದು ಮನೆಯ ಕಂಪ್ಯೂಟರಿನ ರೇಸ್ ಆಟದಿಂದ. 2019ರಲ್ಲಿ ವಿಶ್ವ ಕಪ್ ಎತ್ತಿದರು.

ನಮ್ಮ ಕಡೆಗೆ ಬಂದರೆ, ಮದ್ರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನಪಟ್ಟಿಯಲ್ಲಿ ಓಡಿದ ಕಾರುಗಳಿಂದಲೇ ಭಾರತದ ರೇಸಿಂಗ್ ಬೆಳೆದದ್ದು. 1990ರಲ್ಲಿ ಇರುಂಗಾಟ್ಟುಕೋಟೈ ಟ್ರ್ಯಾಕ್, 2003ರಲ್ಲಿ ಕೊಯಮತ್ತೂರಿನ ಕಾರಿ ಸ್ಪೀಡ್‌ವೇ ಬಂದವು. ಮಾರುತಿ ಎಸ್ಟೀಮ್, ಹೊಂಡಾ ಸಿಟಿ, ಫೋಕ್ಸ್‌ವ್ಯಾಗನ್ ಪೋಲೊಗಳು ಅಲ್ಲಿ ಓಡುತ್ತ ಬಂದಿವೆ. ಇಂಡಿಯನ್ ಟೂರಿಂಗ್ ಕಾರ್ಸ್ ಎಂಬ ರಾಷ್ಟ್ರೀಯ ವರ್ಗವೂ ಇದೆ. ಕೊಯಮತ್ತೂರಿನ ಅರ್ಜುನ್ ಬಾಲು ಅದರಲ್ಲಿ ಹಲವು ಸಲ ಚಾಂಪಿಯನ್. ಕರ್ನಾಟಕದಲ್ಲಿ ಕೆ-1000 ರ್‍ಯಾಲಿಯ ಪರಂಪರೆ ಇದ್ದರೂ ಕಾರ್ ರೇಸಿಗೆ ಒಂದು ಪೂರ್ಣ ಪ್ರಮಾಣದ ಟ್ರ್ಯಾಕಿಲ್ಲ. ಬೆಂಗಳೂರಿನ ಹುಡುಗರು ಕಾರ್ಟಿಂಗ್ ಮುಗಿಸಿ ತಮಿಳುನಾಡಿನ ಬಸ್ಸು ಹಿಡಿಯಬೇಕು, ಇಲ್ಲವೇ ಯುರೋಪಿನ ವಿಮಾನ. ಬೆಂಗಳೂರಿನ ಅರ್ಜುನ್ ಮೈನಿ ಜಿಪಿ3 ರೇಸ್ ಗೆದ್ದು, ಫಾರ್ಮುಲಾ ಟೂವರೆಗೆ ಹೋಗಿ, 2021ರಲ್ಲಿ ಡಿಟಿಎಂಗೆ ಕಾಲಿಟ್ಟ ಮೊದಲ ಭಾರತೀಯರಾದರು. ಆ ಹೊತ್ತಿಗೆ ಡಿಟಿಎಂ ಜಿಟಿ3 ಕಾರುಗಳಿಗೆ ಬದಲಾಗಿತ್ತು ಎಂಬುದು ನಿಜ, ಆದರೆ ಛಾವಣಿಯಡಿ ಬದುಕು ಕಟ್ಟಿಕೊಳ್ಳುವ ದಾರಿ ಅದೇ. ಅದೇ ಊರಿನ ಅಖಿಲ್ ರಬೀಂದ್ರ ಯುರೋಪಿನ ಜಿಟಿ4 ಸರಣಿಯಲ್ಲಿ ಆಸ್ಟನ್ ಮಾರ್ಟಿನ್ ಓಡಿಸುತ್ತ ಹೆಸರು ಮಾಡಿದರು.

ಇಲ್ಲಿನ ಕಂಪನಿಗಳು ಒಂದೇ ಮಾದರಿಯ ಕಾರಿನ ಕಪ್ ನಡೆಸುತ್ತವೆ, ಕೆಲವು ವರ್ಷಕ್ಕೆ ಕೈಬಿಡುತ್ತವೆ. ಪರಸ್ಪರ ಸೆಣಸಲು ಎದುರುಬದುರು ನಿಂತದ್ದು ಅಪರೂಪ. ಬ್ರಿಟನ್ ಮತ್ತು ಜರ್ಮನಿಯಲ್ಲಿ ಚಾಲಕರಿಗೆ ಅನ್ನ ಹುಟ್ಟಿಸಿದ್ದು ಆ ಸೆಣಸಾಟವೇ. ಹಾಗಾಗಿ ಮಗ ಅಥವಾ ಮಗಳನ್ನು ಕಾರ್ಟಿಂಗ್ ಟ್ರ್ಯಾಕಿಗೆ ಕರೆದೊಯ್ಯುತ್ತಿರುವ ಪೋಷಕರಲ್ಲಿ ಒಂದು ಮಾತು: ಫಾರ್ಮುಲಾ ಒನ್ ಒಂದನ್ನೇ ಗುರಿಯಾಗಿಟ್ಟುಕೊಂಡು ಮನೆ ಅಡವಿಡುವ ಮುಂಚೆ ಸಲೂನ್ ಕಾರಿನ ಒಂದು ಋತುವನ್ನಾದರೂ ಓಡಿಸಲು ಬಿಡಿ. ಜೊತೆಗೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯುವುದನ್ನೂ ಕಲಿಸಿ.